ಎರಡು ಕಂಚಿನ ಪ್ರತಿಮೆಗಳ ನಡುವೆ ಜೋ ಫ್ರೇಜಿಯರ್

ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಬಾಕ್ಸರುಗಳ ಎರಡು ಕಂಚಿನ ಪ್ರತಿಮೆಗಳು ಪ್ರಸಿದ್ಧವಾಗಿವೆ. ಒಂದು, ಸಿನಿಮಾದ ತೆರೆಯ ಮೇಲಷ್ಟೇ ಬದುಕಿದ ರಾಕಿ ಬಾಲ್ಬೋವಾ ಎಂಬ ಪಾತ್ರದ್ದು. ಇನ್ನೊಂದು, ಆ ನಗರದ ಬೀದಿಗಳಲ್ಲಿ ನಸುಕಿಗೆ ಓಡಿ, ಅಲ್ಲಿನ ಕಸಾಯಿಖಾನೆಯಲ್ಲಿ ದುಡಿದು, ಜಗತ್ತಿನ ಹೆವಿವೇಟ್ ಚಾಂಪಿಯನ್ ಪಟ್ಟಕ್ಕೇರಿದ ಜೋ ಫ್ರೇಜಿಯರ್ ಅವರದ್ದು. ರಾಕಿಯ ಪ್ರತಿಮೆಯನ್ನು ನಟ ಸಿಲ್ವೆಸ್ಟರ್ ಸ್ಟಲೋನ್ 1982ರಲ್ಲಿ ತೆರೆಕಂಡ ‘ರಾಕಿ 3’ ಚಿತ್ರಕ್ಕಾಗಿ ಮಾಡಿಸಿ ನಗರಕ್ಕೆ ಕೊಟ್ಟರು. ಅದು ಕಲಾಕೃತಿಯೋ ಚಿತ್ರೀಕರಣದ ಸಾಮಗ್ರಿಯೋ ಎಂಬ ವಾದ ವರ್ಷಗಟ್ಟಲೆ ನಡೆದು, ಹಲವು ಬಾರಿ ಸ್ಥಳ ಬದಲಿಸಿ, 2006ರಲ್ಲಿ ಅದು ನಗರದ ಕಲಾ ಮ್ಯೂಸಿಯಂನ ಮೆಟ್ಟಿಲುಗಳ ಬುಡದಲ್ಲಿ ನೆಲೆನಿಂತಿತು. ಫ್ರೇಜಿಯರ್ ಅವರ ಪ್ರತಿಮೆಯಾದರೋ ಅನಾವರಣಗೊಂಡದ್ದು 2015ರ ಸೆಪ್ಟೆಂಬರ್ 12ರಂದು, ಅಂದರೆ ಅವರು ತೀರಿಕೊಂಡು ಸುಮಾರು ನಾಲ್ಕು ವರ್ಷಗಳಾದ ಮೇಲೆ. ಅದೂ ಪ್ರವಾಸಿಗರು ಸಾಲುಗಟ್ಟುವ ಮ್ಯೂಸಿಯಂನಿಂದ ಬಹುದೂರ, ನಗರದ ದಕ್ಷಿಣ ಭಾಗದ ಕ್ರೀಡಾಂಗಣಗಳ ಬಳಿ.

ಈ ವ್ಯತ್ಯಾಸವನ್ನು ನಗರಾಡಳಿತವೊಂದರ ಉದಾಸೀನವೆಂದು ಪಕ್ಕಕ್ಕೆ ಸರಿಸುವುದು ಸುಲಭ. ಆದರೆ ಸತ್ತವರ ಕೀರ್ತಿಯನ್ನು ಬದುಕಿರುವವರು ಹೇಗೆ ಹಂಚಿಕೊಡುತ್ತಾರೆ ಎಂಬ ಪ್ರಶ್ನೆಗೆ ಇಷ್ಟು ಸ್ಪಷ್ಟವಾದ ನಿದರ್ಶನ ದೊರೆಯುವುದು ಅಪರೂಪ. ಫ್ರೇಜಿಯರ್ 2011ರ ನವೆಂಬರ್ 7ರಂದು, 67ನೆಯ ವಯಸ್ಸಿನಲ್ಲಿ, ಯಕೃತ್ತಿನ ಕ್ಯಾನ್ಸರಿನಿಂದ ನಿಧನರಾದಾಗ ಹೆಚ್ಚಿನ ಬರಹಗಳು ಅವರನ್ನು ಮುಹಮ್ಮದ್ ಅಲಿಯ ಎದುರಾಳಿ ಎಂದೇ ನೆನೆದವು. ಆ ಮಾತು ಸುಳ್ಳಲ್ಲವಾದರೂ ಅದರೊಳಗೆ ಒಂದು ಅನ್ಯಾಯ ಹುದುಗಿದೆ: ಒಬ್ಬ ಮನುಷ್ಯನ ಇಡೀ ಬಾಳನ್ನು ಮತ್ತೊಬ್ಬನ ಕಥೆಯ ಒಂದು ಅಧ್ಯಾಯವನ್ನಾಗಿ ಮಾಡಿದ ಬಳಿಕ, ಆ ಕಥೆಗೆ ಒಗ್ಗದ ಅವನ ಸತ್ಯಗಳೆಲ್ಲ ತಾವಾಗಿಯೇ ಕಳಚಿಬೀಳುತ್ತವೆ. ಫ್ರೇಜಿಯರ್ ವಿಷಯದಲ್ಲಿ ಹೀಗೆ ಕಳಚಿದವುಗಳಲ್ಲಿ ಮುಖ್ಯವಾದದ್ದು ಅವರ ಕಪ್ಪು ಜನಾಂಗದ ಅಸ್ಮಿತೆಯೇ ಆಗಿದೆ. ಅದನ್ನು ಮೊದಲು ಅಲ್ಲಗಳೆದದ್ದು ಅಲಿಯ ಮಾತು. ಆ ಕೆಲಸವನ್ನು ಪೂರೈಸಿದ್ದು ಒಂದು ಜನಪ್ರಿಯ ಚಲನಚಿತ್ರ. ಹಾಗಾಗಿ ಫ್ರೇಜಿಯರ್ ಅವರ ಪರಂಪರೆಯ ಚರ್ಚೆಯನ್ನು ಅವರಿಗೆ ಎಷ್ಟು ಗೌರವ ಸಲ್ಲಬೇಕೆಂಬ ಅಳತೆಗಿಂತ, ಅವರು ಯಾರಾಗಿದ್ದರು ಎಂಬ ಸಂಗತಿಯಿಂದಲೇ ಆರಂಭಿಸಬೇಕಾಗುತ್ತದೆ.

1944ರ ಜನವರಿ 12ರಂದು ಅವರು ಹುಟ್ಟಿದ್ದು ದಕ್ಷಿಣ ಕೆರೊಲಿನಾ ರಾಜ್ಯದ ಬ್ಯೂಫರ್ಟ್ ಪ್ರದೇಶದ ಬಡ ಬೇಸಾಯಗಾರರ ಮನೆಯಲ್ಲಿ. ಆ ಕರಾವಳಿ ಮತ್ತು ಅದರ ದ್ವೀಪಗಳಲ್ಲಿ ನೆಲೆಸಿರುವ ಗುಲ್ಲಾ ಎಂಬ ಸಮುದಾಯ, ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ಸಂತತಿಯಾಗಿದ್ದು, ಪಶ್ಚಿಮ ಆಫ್ರಿಕದ ನುಡಿಗಳ ಜಾಡನ್ನು ತನ್ನ ಮಾತಿನಲ್ಲೂ ಆಚರಣೆಗಳಲ್ಲೂ ಅಮೆರಿಕದ ಇತರ ಕಪ್ಪು ಸಮುದಾಯಗಳಿಗಿಂತ ಹೆಚ್ಚಾಗಿ ಉಳಿಸಿಕೊಂಡು ಬಂದಿದೆ. ಫ್ರೇಜಿಯರ್ ಅವರ ಉಚ್ಚಾರಣೆಯಲ್ಲಿ ಕಡೆಯವರೆಗೂ ಆ ನೆಲದ ಛಾಯೆಯಿತ್ತು. ತಂದೆ ರೂಬಿನ್ ಎಡಗೈಯನ್ನು ಕಳೆದುಕೊಂಡಿದ್ದುದರಿಂದ ಹೊಲದ ಕೆಲಸದಲ್ಲಿ ಮಗನೇ ಅವರ ಎಡಗೈಯಾದ. ಮನೆಗೆ ಟೆಲಿವಿಷನ್ ಬಂದು, ಬಾಕ್ಸಿಂಗ್ ಪಂದ್ಯಗಳನ್ನು ನೋಡುವ ಅಭ್ಯಾಸ ಹತ್ತಿ, ಈ ಹುಡುಗ ಹೆವಿವೇಟ್ ಚಾಂಪಿಯನ್ ಆಗಿದ್ದ ಜೋ ಲೂಯಿಸ್‌ನಂತೆ ಇನ್ನೊಬ್ಬನಾಗುತ್ತಾನೆಂದು ಬಂಧುವೊಬ್ಬರು ಆಡಿದ ಮಾತು ಅವನ ಮನಸ್ಸಿನಲ್ಲಿ ಬೇರೂರಿತು. ಗೋಣಿಚೀಲವೊಂದಕ್ಕೆ ಚಿಂದಿಬಟ್ಟೆ, ಜೋಳದ ದಿಂಡು ಮತ್ತು ಒಂದು ಇಟ್ಟಿಗೆಯನ್ನು ತುಂಬಿ ಓಕ್ ಮರಕ್ಕೆ ನೇತುಹಾಕಿ ಗುದ್ದಿದ್ದೇ ಮೊದಲ ತರಬೇತಿ. ಬಾಲ್ಯದಲ್ಲಿ ಹಂದಿಯೊಂದು ಅಟ್ಟಿಸಿಕೊಂಡು ಬಂದಾಗ ಬಿದ್ದು ಎಡಗೈಗೆ ಪೆಟ್ಟಾಗಿ, ವೈದ್ಯರಿಗೆ ತೋರಿಸುವ ಅನುಕೂಲವಿಲ್ಲದೆ ಅದು ತಾನಾಗಿ ಕೂಡಿಕೊಂಡಿತು. ಮುಂದೆಂದೂ ಆ ಕೈಯನ್ನು ಪೂರ್ತಿ ನೀಡಲು ಆಗಲಿಲ್ಲ. ಮುಷ್ಟಿಯುದ್ಧದಲ್ಲಿ ಹುಕ್ ಎಂದು ಕರೆಯಲ್ಪಡುವ ಹೊಡೆತಕ್ಕೆ, ಅಂದರೆ ಮೊಣಕೈಯನ್ನು ಬಾಗಿಸಿ ಪಕ್ಕದಿಂದ ಬೀಸುವ ಗುದ್ದಿಗೆ, ಬೇಕಾದದ್ದು ಅದೇ ಬಾಗು. ಬಡತನ ಊನಮಾಡಿದ ಕೈಯೇ ಆ ಕ್ರೀಡೆಯ ಚರಿತ್ರೆಯಲ್ಲಿ ಅತ್ಯಂತ ಭಯ ಹುಟ್ಟಿಸಿದ ಎಡಗೈಗಳಲ್ಲಿ ಒಂದಾಯಿತು.

ಬ್ಯೂಫರ್ಟನ್ನು ಅವರು ಹದಿಹರೆಯದಲ್ಲೇ ತೊರೆದದ್ದಕ್ಕೆ ಕಾರಣ ಬರಿಯ ಹೊಟ್ಟೆಪಾಡಲ್ಲ. ಕೂಲಿಗೆ ಹೋಗುತ್ತಿದ್ದ ಹೊಲದ ಬಿಳಿಯ ಮಾಲೀಕ ಪುಟ್ಟ ಕಪ್ಪು ಹುಡುಗನೊಬ್ಬನನ್ನು ಬೆಲ್ಟಿನಿಂದ ಹೊಡೆದದ್ದನ್ನು ಕಂಡು ಅದನ್ನು ಇತರರಿಗೆ ಹೇಳಿದ್ದಕ್ಕಾಗಿ ಮಾಲೀಕ ಬೆದರಿಸಿದಾಗ ಫ್ರೇಜಿಯರ್ ಎದುರು ನಿಂತರು; 1950ರ ದಶಕದ ಅಮೆರಿಕದ ದಕ್ಷಿಣದಲ್ಲಿ ಹೀಗೆ ನಿಂತ ಕಪ್ಪು ಹುಡುಗನಿಗೆ ಊರಲ್ಲಿ ಉಳಿಗಾಲವಿರಲಿಲ್ಲವಾದ್ದರಿಂದ, ಊರು ಬಿಡುವುದೇ ಕ್ಷೇಮವೆಂದು ತಾಯಿ ತಿಳಿಹೇಳಿದರು. ಹದಿನೈದರ ವಯಸ್ಸಿನಲ್ಲಿ ಬಸ್ಸು ಹತ್ತಿ ಮೊದಲು ನ್ಯೂಯಾರ್ಕಿಗೆ, ಆಮೇಲೆ ಫಿಲಡೆಲ್ಫಿಯಾಕ್ಕೆ ಬಂದವರು ಅಲ್ಲಿ ಪೊಲೀಸ್ ಇಲಾಖೆಯ ನೆರವಿನಿಂದ ನಡೆಯುತ್ತಿದ್ದ ಜಿಮ್ಮೊಂದಕ್ಕೆ ಮೈತೂಕ ಇಳಿಸಿಕೊಳ್ಳಲೆಂದು ಹೋಗತೊಡಗಿದರು. ತರಬೇತುದಾರ ಯಾಂಕ್ ಡರ್‌ಹ್ಯಾಮ್ ಅಲ್ಲಿ ಅವರನ್ನು ತಮ್ಮ ಕೈಗೆ ತೆಗೆದುಕೊಂಡರು. 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಆಯ್ಕೆಯಾಗಿದ್ದ ಬಸ್ಟರ್ ಮ್ಯಾಥಿಸ್ ಗಾಯಗೊಂಡದ್ದರಿಂದ ಬದಲಿ ಆಟಗಾರರಾಗಿ ಹೋದ ಫ್ರೇಜಿಯರ್, ಸೆಮಿಫೈನಲಿನಲ್ಲಿ ಎಡಗೈ ಹೆಬ್ಬೆರಳು ಮುರಿದುಕೊಂಡರೂ ಅದನ್ನು ಬಚ್ಚಿಟ್ಟು ಫೈನಲ್ ಗೆದ್ದರು. ಆ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಬಾಕ್ಸಿಂಗ್‌ನಿಂದ ಬಂದ ಚಿನ್ನ ಅದೊಂದೇ.

ಅವರ ಕಾದಾಟದ ರೀತಿಯನ್ನು ಅರಿಯದೆ ಅವರ ಪರಂಪರೆಯನ್ನು ಅರಿಯಲಾಗದು. ಹೆವಿವೇಟ್ ಎಂಬ, ತೂಕದ ಮೇಲ್ಮಿತಿಯಿಲ್ಲದ ವರ್ಗದಲ್ಲಿ ಆರಡಿಗೂ ಕಡಿಮೆ ಎತ್ತರದ, ಗಿಡ್ಡ ತೋಳಿನ ಆಟಗಾರನಿಗೆ ಹಿಂದೆ ನಿಂತು ಹೊಡೆಯುವ ಸೌಕರ್ಯವಿರುವುದಿಲ್ಲ. ಅವನು ಎದುರಾಳಿಯ ತೋಳಿನ ಅಳತೆಯೊಳಕ್ಕೆ ನುಗ್ಗಲೇಬೇಕು, ನುಗ್ಗುವ ದಾರಿಯಲ್ಲಿ ಹೊಡೆತಗಳನ್ನು ತಿನ್ನಲೇಬೇಕು. ಫ್ರೇಜಿಯರ್ ತಲೆ ತಗ್ಗಿಸಿ, ಮೈಯನ್ನು ಎಡಬಲಕ್ಕೆ ತೂಗುತ್ತ, ಒಂದು ಹೆಜ್ಜೆಯನ್ನೂ ಹಿಂದಿಡದೆ ಮುನ್ನುಗ್ಗುವ ಈ ಕ್ರಮವನ್ನು ಉಸಿರಾಟದಷ್ಟು ಸಹಜವಾಗಿಸಿಕೊಂಡಿದ್ದರು. ನೋಡುವವರಿಗೆ ಅದು ಮೊಂಡು ಧೈರ್ಯದಂತೆ ಕಂಡಿತು, ಬರೆದವರೂ ಅದನ್ನು ಯಂತ್ರಕ್ಕೆ, ರೈಲಿಗೆ, ಹೊಗೆಯುಗುಳುವ ಬೆಂಕಿಗೆ ಹೋಲಿಸಿದರು. ಆದರೆ ನಿಜದಲ್ಲಿ ಅದು ಲಯದ, ಕಾಲಜ್ಞಾನದ ಮತ್ತು ಸೂಕ್ಷ್ಮ ಅಂದಾಜಿನ ಕಲೆಯಾಗಿತ್ತು. ಅಲಿಯ ಪಾದಚಲನೆಯನ್ನು ನೃತ್ಯವೆಂದು ಕೊಂಡಾಡಿದ ಕಣ್ಣುಗಳು ಫ್ರೇಜಿಯರ್ ಅವರ ತಲೆಯ ಚಲನೆಯಲ್ಲಿ ಬುದ್ಧಿಯನ್ನು ಕಾಣದೆ ಬರಿಯ ಬೆವರನ್ನು ಕಂಡದ್ದು, ದುಡಿಮೆಗಾರನ ಜಾಣ್ಮೆಯನ್ನು ಜಾಣ್ಮೆಯೆಂದು ಒಪ್ಪದ ಹಳೆಯ ರೂಢಿಗೆ ಸೇರಿದ ದೋಷ. ವೃತ್ತಿಜೀವನದ 37 ಪಂದ್ಯಗಳಲ್ಲಿ ಅವರು 32ನ್ನು ಗೆದ್ದರು, ಅವುಗಳಲ್ಲಿ 27ನ್ನು ಎದುರಾಳಿಯನ್ನು ಪಂದ್ಯ ಮುಂದುವರಿಸಲಾಗದಂತೆ ಮಾಡಿಯೇ ಗೆದ್ದರು. ಒಂದು ಸಮಬಲವಾಯಿತು, ಸೋತದ್ದು ನಾಲ್ಕು. ಆ ನಾಲ್ಕೂ ಸೋಲುಗಳು ಇಬ್ಬರ ಕೈಯಲ್ಲೇ ಆದವು, ಅಲಿ ಮತ್ತು ಜಾರ್ಜ್ ಫೋರ್‌ಮನ್.

ಅಲಿಯೊಂದಿಗಿನ ಸಂಬಂಧ ಹಗೆಯಿಂದ ಆರಂಭವಾಗಲಿಲ್ಲ ಎಂಬುದನ್ನು ಈಗಿನ ನೆನಪು ಬಹುಮಟ್ಟಿಗೆ ಕೈಬಿಟ್ಟಿದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1967ರ ಏಪ್ರಿಲ್ 28ರಂದು, ಕಡ್ಡಾಯ ಸೈನ್ಯಸೇವೆಗೆ ಸೇರಲು ಅಲಿ ನಿರಾಕರಿಸಿದಾಗ ಬಾಕ್ಸಿಂಗ್ ಮಂಡಳಿಗಳು ಅವರ ಪಟ್ಟವನ್ನೂ ಪರವಾನಗಿಯನ್ನೂ ಕಿತ್ತುಕೊಂಡವು. ನ್ಯಾಯಾಲಯ ಐದು ವರ್ಷಗಳ ಸೆರೆ ಮತ್ತು 10,000 ಡಾಲರ್ ದಂಡ ವಿಧಿಸಿತು. ಮೇಲ್ಮನವಿ ಬಾಕಿಯಿದ್ದುದರಿಂದ ಜೈಲು ತಪ್ಪಿದರೂ ಮೂರು ವರ್ಷಗಳಿಗೂ ಹೆಚ್ಚು ಕಾಲ, ಅದೂ ಮೈಬಲದ ಉತ್ತುಂಗದಲ್ಲಿ, ಅವರು ಅಖಾಡದಿಂದ ಹೊರಗುಳಿಯಬೇಕಾಯಿತು. ತೆರವಾದ ಪಟ್ಟಕ್ಕಾಗಿ ಏರ್ಪಟ್ಟ ಆಯ್ಕೆ ಪಂದ್ಯಾವಳಿಯಲ್ಲಿ ಫ್ರೇಜಿಯರ್ ಭಾಗವಹಿಸಲಿಲ್ಲ. ಅದರಲ್ಲಿ ತರಬೇತುದಾರರ ವ್ಯವಹಾರದ ಲೆಕ್ಕಾಚಾರವೂ ಇದ್ದಿರಬಹುದು. ಆದರೆ ಆ ದಿನಗಳಲ್ಲಿ ಅವರು ಅಲಿಗೆ ಹಣದ ನೆರವು ಕೊಟ್ಟದ್ದು, ಪರವಾನಗಿ ಮರಳಿ ಸಿಗಲೆಂದು ಅವರ ಪರವಾಗಿ ಮಾತಾಡಿದ್ದು ಲೆಕ್ಕಾಚಾರದಿಂದಷ್ಟೇ ಹುಟ್ಟುವ ನಡೆಗಳಲ್ಲ. ಇಬ್ಬರೂ ಒಂದೇ ಕಾರಿನಲ್ಲಿ ಫಿಲಡೆಲ್ಫಿಯಾದಿಂದ ನ್ಯೂಯಾರ್ಕಿಗೆ ಹರಟುತ್ತ ಪಯಣಿಸಿದ್ದೂ ಉಂಟು. 1970ರ ಫೆಬ್ರುವರಿ 16ರಂದು, ಆ ಆಯ್ಕೆ ಪಂದ್ಯಾವಳಿಯನ್ನು ಗೆದ್ದಿದ್ದ ಜಿಮ್ಮಿ ಎಲಿಸ್ ಅವರನ್ನು ಸೋಲಿಸಿ ಫ್ರೇಜಿಯರ್ ನಿರ್ವಿವಾದ ಚಾಂಪಿಯನ್ ಆದರು. ಅಲಿಗೆ ಪರವಾನಗಿ ಮರಳಿತು. 1971ರ ಮಾರ್ಚ್ 8ಕ್ಕೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸೋಲನ್ನೇ ಕಾಣದ ಇಬ್ಬರ ಪಂದ್ಯ ನಿಶ್ಚಯವಾಯಿತು. ಒಬ್ಬೊಬ್ಬರಿಗೂ 25 ಲಕ್ಷ ಡಾಲರ್ ಎಂದು ಗೊತ್ತುಪಡಿಸಿದ ಆ ಮೊತ್ತ ಅಂದಿಗೆ ಕಂಡುಕೇಳರಿಯದ್ದು.

ಅಲಿಯ ಮಾತು ತಿರುಗಿದ್ದು ಆಗ. ಫ್ರೇಜಿಯರ್ ಬಿಳಿಯರ ಮನುಷ್ಯ, ಅವರ ಗೆಲುವನ್ನು ಹಾರೈಸುವ ಕಪ್ಪುಜನ ತಮ್ಮ ಜನಾಂಗಕ್ಕೆ ಎರಡು ಬಗೆಯುವವರು ಎಂಬ ಪ್ರಚಾರ ಬೆಳೆಯಿತು. ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ 1852ರ ಕಾದಂಬರಿಯ ಪಾತ್ರದಿಂದ ಬಂದ ‘ಅಂಕಲ್ ಟಾಮ್’ ಎಂಬ ಹೆಸರು ಅಮೆರಿಕದ ಕಪ್ಪು ಸಮುದಾಯದ ಆಡುಮಾತಿನಲ್ಲಿ ಬಿಳಿಯರೆದುರು ಬಾಗಿ ಬದುಕುವವನಿಗೆ ಅಂಟಿಸುವ ಹಣೆಪಟ್ಟಿಯಾಗಿದ್ದು, ಅದಕ್ಕಿಂತ ನೋಯಿಸುವ ಬೈಗುಳ ಆ ಸಮುದಾಯದೊಳಗೆ ಹೆಚ್ಚಿಲ್ಲ. ಆ ಪಟ್ಟಿಯನ್ನು ಅಲಿ ಫ್ರೇಜಿಯರ್ ಹಣೆಗೆ ಹಚ್ಚಿದರು. ಅವರ ಮಾತಿನ ಧಾಟಿಯನ್ನು ಅಣಕಿಸಿ ಅವರನ್ನು ದಡ್ಡರೆಂದರು. ಶಾಲೆಯಲ್ಲಿ ಫ್ರೇಜಿಯರ್ ಅವರ ಮಕ್ಕಳು ಇದೇ ಮಾತುಗಳನ್ನು ಸಹಪಾಠಿಗಳ ಬಾಯಿಂದ ಕೇಳಬೇಕಾಯಿತು. ಇತ್ತ, ಯುದ್ಧವಿರೋಧವನ್ನೂ ನಾಗರಿಕ ಹಕ್ಕುಗಳ ಚಳವಳಿಯನ್ನೂ ದ್ವೇಷಿಸುತ್ತಿದ್ದ ಬಿಳಿಯರಲ್ಲಿ ಬಹುಮಂದಿ ಅಲಿಯ ಬಾಯಿ ಮುಚ್ಚಿಸುವವನೆಂದು ಫ್ರೇಜಿಯರ್ ಬೆನ್ನಿಗೆ ನಿಂತರು. ಫ್ರೇಜಿಯರ್ ಆ ಬೆಂಬಲವನ್ನು ಬೇಡಿರಲಿಲ್ಲ, ಆದರೆ ನಿರಾಕರಿಸುವ ಮಾತಿನ ಚಾತುರ್ಯವೂ ಅವರಲ್ಲಿರಲಿಲ್ಲ.

ಆರೋಪದಲ್ಲಿ ಹುರುಳೇನಾದರೂ ಇತ್ತೇ ಎಂದು ನೋಡಿದರೆ ಸಂಗತಿಗಳು ಬೇರೆಯದನ್ನೇ ಹೇಳುತ್ತವೆ. ಫ್ರೇಜಿಯರ್ ವೃತ್ತಿಪರರಾದಾಗ ಫಿಲಡೆಲ್ಫಿಯಾದ ವ್ಯಾಪಾರಸ್ಥರು ಸೇರಿ ಕ್ಲೋವರ್‌ಲೇ ಎಂಬ ಸಂಸ್ಥೆ ಕಟ್ಟಿ ಬಂಡವಾಳ ಹಾಕಿದ್ದು ನಿಜ. ಆದರೆ 1960ರಲ್ಲಿ ಅಲಿ ವೃತ್ತಿಪರರಾದಾಗಲೂ ಅವರ ಊರಾದ ಲೂಯಿವಿಲ್‌ನ ಹನ್ನೊಂದು ಮಂದಿ ಬಿಳಿಯ ಸಿರಿವಂತರ ಕೂಟವೇ ಅವರನ್ನು ಪೋಷಿಸಿತ್ತು. ಅಲಿಯ ತಂದೆ ಫಲಕಗಳನ್ನು ಬರೆಯುವ ಚಿತ್ರಕಾರರಾಗಿದ್ದು, ಬಡತನವಿದ್ದರೂ ನಗರದ ನೆಲೆಯಿತ್ತು. ಹೊಲದ ಕೂಲಿ, ಮಾಲೀಕನ ಬೆಲ್ಟು, ಊರು ಬಿಟ್ಟೋಡುವ ಅನಿವಾರ್ಯ, ಇವೆಲ್ಲ ಫ್ರೇಜಿಯರ್ ಅವರ ಪಾಲಿಗೆ ಬಂದವು. ಪಂದ್ಯ ಗೆದ್ದ ಮರುತಿಂಗಳು, 1971ರ ಏಪ್ರಿಲಿನಲ್ಲಿ, ದಕ್ಷಿಣ ಕೆರೊಲಿನಾದ ಶಾಸನಸಭೆಯೆದುರು ಮಾತಾಡಲು ಅವರು ಆಹ್ವಾನಿತರಾದರು. ಯಾವ ರಾಜ್ಯದಲ್ಲಿ ಒಬ್ಬ ಬಾಲಕನ ಪರ ಬಾಯಿ ತೆರೆದದ್ದಕ್ಕೆ ಊರು ಬಿಡಬೇಕಾಗಿ ಬಂದಿತ್ತೋ ಅದೇ ರಾಜ್ಯದ ಶಾಸಕರೆದುರು ನಿಂತ ಈ ಕ್ಷಣಕ್ಕೆ, ಅಲಿಯ ಭಾಷಣಗಳಿಗೆ ಸಿಕ್ಕ ಪ್ರಸಿದ್ಧಿಯ ನೂರರಲ್ಲೊಂದು ಪಾಲೂ ಸಿಗಲಿಲ್ಲ.

ಮಾರ್ಚ್ 8ರ ಆ ಪಂದ್ಯ ಹದಿನೈದು ಸುತ್ತುಗಳೂ ನಡೆದಿತ್ತು. ಕೊನೆಯ ಸುತ್ತಿನಲ್ಲಿ ಫ್ರೇಜಿಯರ್ ಅವರ ಎಡಗೈ ಹುಕ್ ಅಲಿಯ ದವಡೆಗೆ ತಗುಲಿ ಅವರು ಅಂಗಾತ ಬಿದ್ದರು, ಬಿದ್ದಷ್ಟೇ ಬೇಗ ಎದ್ದರು. ತೀರ್ಪು ಸರ್ವಾನುಮತದಿಂದ ಫ್ರೇಜಿಯರ್ ಪರವಾಯಿತು, ಗೆದ್ದವರೂ ಆಮೇಲೆ ಆಸ್ಪತ್ರೆ ಸೇರಬೇಕಾಯಿತು. ಅದೇ ರಾತ್ರಿ, ಊರೆಲ್ಲ ಪಂದ್ಯದ ಗುಂಗಿನಲ್ಲಿರುತ್ತದೆಂಬ ಎಣಿಕೆಯಿಂದ, ಫಿಲಡೆಲ್ಫಿಯಾಕ್ಕೆ ಸಮೀಪದ ಮೀಡಿಯಾ ಎಂಬ ಪಟ್ಟಣದಲ್ಲಿದ್ದ ಎಫ್‌ಬಿಐ ಕಚೇರಿಗೆ ಯುದ್ಧವಿರೋಧಿ ಕಾರ್ಯಕರ್ತರ ಗುಂಪೊಂದು ನುಗ್ಗಿ ಕಡತಗಳನ್ನು ಹೊತ್ತೊಯ್ದಿತು; ನಾಗರಿಕ ಹಕ್ಕುಗಳ ಹೋರಾಟಗಾರರನ್ನೂ ಭಿನ್ನಮತೀಯರನ್ನೂ ಮುರಿಯಲು ಸರಕಾರ ನಡೆಸುತ್ತಿದ್ದ ಗುಪ್ತ ಕಾರ್ಯಾಚರಣೆ ಲೋಕಕ್ಕೆ ತಿಳಿದದ್ದು ಆ ಕಡತಗಳಿಂದ. ಇಬ್ಬರು ಕಪ್ಪು ಕ್ರೀಡಾಪಟುಗಳ ಮೈಯ ಮೇಲೆ ಅಮೆರಿಕ ತನ್ನ ಜಗಳವನ್ನೆಲ್ಲ ಹೇರಿ ನೋಡುತ್ತಿದ್ದ ಆ ಹೊತ್ತಿನಲ್ಲಿ, ನಿಜವಾದ ಜಗಳ ಕತ್ತಲ ಕಚೇರಿಯೊಂದರ ಕಪಾಟುಗಳಲ್ಲಿ ಇತ್ತು. ಅದೇ ವರ್ಷ ಜೂನ್ 28ರಂದು ಸುಪ್ರೀಂ ಕೋರ್ಟ್ ಅಲಿಯ ಶಿಕ್ಷೆಯನ್ನು ರದ್ದುಗೊಳಿಸಿತು. ಅಖಾಡದಲ್ಲಿ ಸೋತವರು ಚರಿತ್ರೆಯಲ್ಲಿ ಗೆದ್ದರು. ಗೆದ್ದ ಫ್ರೇಜಿಯರ್ ಚರಿತ್ರೆಯ ತಪ್ಪು ಪಕ್ಕದಲ್ಲಿ ನಿಂತವರೆಂಬ ಭಾವನೆ ಗಟ್ಟಿಯಾಯಿತು.

1973ರ ಜನವರಿ 22ರಂದು ಜಮೈಕದ ಕಿಂಗ್‌ಸ್ಟನ್‌ನಲ್ಲಿ ಫೋರ್‌ಮನ್ ಎರಡೇ ಸುತ್ತುಗಳಲ್ಲಿ ಆರು ಬಾರಿ ನೆಲಕ್ಕುರುಳಿಸಿ ಪಟ್ಟ ಕಸಿದುಕೊಂಡರು. ಮರುವರ್ಷ ಅಲಿಯೊಂದಿಗಿನ ಎರಡನೆಯ ಪಂದ್ಯದಲ್ಲೂ ಫ್ರೇಜಿಯರ್ ಅಂಕಗಳಿಂದ ಸೋತರು. ಮೂರನೆಯದು 1975ರ ಅಕ್ಟೋಬರ್ 1ರಂದು ಫಿಲಿಪ್ಪೀನ್ಸ್‌ನ ಮನಿಲಾದ ಪಕ್ಕದ ಕೆಸೋನ್ ನಗರದಲ್ಲಿ ನಡೆಯಿತು. ಸೇನಾ ಕಾನೂನು ಹೇರಿ ಆಳುತ್ತಿದ್ದ ಫರ್ಡಿನಾಂಡ್ ಮಾರ್ಕೋಸ್‌ಗೆ ತಮ್ಮ ಆಳ್ವಿಕೆಗೆ ಹೊಳಪು ಬೇಕಿತ್ತು. ಅಮೆರಿಕದ ಟಿವಿ ವೀಕ್ಷಕರ ಅನುಕೂಲಕ್ಕಾಗಿ ಪಂದ್ಯವನ್ನು ಬೆಳಗಿನ ಹೊತ್ತಿಗಿಟ್ಟು, ಮುಚ್ಚಿದ ಕ್ರೀಡಾಂಗಣದ ಕುದಿಯುವ ಸೆಕೆಯಲ್ಲಿ ಇಬ್ಬರನ್ನೂ ಕಾದಿಸಲಾಯಿತು. ಅದಕ್ಕೂ ಮುಂಚಿನ ಪ್ರಚಾರದಲ್ಲಿ ಅಲಿ ಫ್ರೇಜಿಯರ್ ಅವರನ್ನು ಗೊರಿಲ್ಲಾ ಎಂದು ಕರೆದು, ರಬ್ಬರಿನ ಗೊರಿಲ್ಲಾ ಗೊಂಬೆಯನ್ನು ಪತ್ರಕರ್ತರೆದುರು ಗುದ್ದಿ ನಗಿಸಿದರು. ಕಪ್ಪು ಮನುಷ್ಯನನ್ನು ಮೃಗಕ್ಕೆ ಹೋಲಿಸುವುದು ಗುಲಾಮಗಿರಿಯನ್ನು ಸಮರ್ಥಿಸಿಕೊಳ್ಳಲು ಬಿಳಿಯರು ಕಟ್ಟಿದ ಭಾಷೆ. ಆ ಭಾಷೆಯನ್ನು ಕಪ್ಪುಜನರ ಘನತೆಯ ಸಂಕೇತವಾಗಿದ್ದ ವ್ಯಕ್ತಿಯೇ, ತಮಗಿಂತ ಕಪ್ಪಾದ, ತಮಗಿಂತ ಬಡತನದಿಂದ ಬಂದ ಮತ್ತೊಬ್ಬನ ಮೇಲೆ ಪ್ರಯೋಗಿಸಿದ್ದನ್ನು ಪ್ರಚಾರದ ಆಟವೆಂದು ತಳ್ಳಿಹಾಕಲು ಬರುವುದಿಲ್ಲ. ವರ್ಷಗಳಿಂದ ಫ್ರೇಜಿಯರ್ ಅವರ ಎಡಗಣ್ಣಿನಲ್ಲಿ ಪೊರೆಯಿತ್ತು, ಅದನ್ನು ಮರೆಮಾಚಿಯೇ ಅವರು ಕಾದಿದವರು. ಮನಿಲಾದಲ್ಲಿ ಬಲಗಣ್ಣೂ ಬಾತು ಮುಚ್ಚಿಕೊಂಡಾಗ ಬರುವ ಹೊಡೆತಗಳೇ ಕಾಣದಾದವು. ಹದಿನಾಲ್ಕನೆಯ ಸುತ್ತಿನ ಬಳಿಕ, ಡರ್‌ಹ್ಯಾಮ್ ತೀರಿಕೊಂಡ ಮೇಲೆ ತರಬೇತುದಾರರಾಗಿದ್ದ ಎಡ್ಡಿ ಫಚ್, ಶಿಷ್ಯ ಎಷ್ಟು ಬೇಡಿಕೊಂಡರೂ ಕೇಳದೆ ಪಂದ್ಯ ನಿಲ್ಲಿಸಿದರು. ಈ ಕ್ರೀಡೆಯ ಚರಿತ್ರೆಯಲ್ಲಿ ಇದಕ್ಕಿಂತ ವಿವೇಕದ ನಿರ್ಧಾರ ಹೆಚ್ಚು ಸಿಗಲಾರದು. ಮೂರು ಪಂದ್ಯಗಳಿಂದ ಒಟ್ಟು 41 ಸುತ್ತುಗಳಲ್ಲಿ ಇಬ್ಬರೂ ಪರಸ್ಪರರ ಆಯುಸ್ಸನ್ನೇ ಒಂದಿಷ್ಟು ತೆಗೆದಿದ್ದರು.

ಅಲಿಯ ನೈತಿಕ ನಿಲುವಿನ ಎತ್ತರವನ್ನು ಮನ್ನಿಸುವವರು ಇಲ್ಲೊಂದು ಆಕ್ಷೇಪ ಎತ್ತಬಹುದು: ಪಟ್ಟ, ಹಣ, ಸ್ವಾತಂತ್ರ್ಯ ಎಲ್ಲವನ್ನೂ ಪಣಕ್ಕಿಟ್ಟು ಅನ್ಯಾಯದ ಯುದ್ಧವನ್ನು ವಿರೋಧಿಸಿದ ಮನುಷ್ಯನ ಕೆಲವು ಬಿರುಮಾತುಗಳನ್ನು ಅರ್ಧ ಶತಮಾನದ ಮೇಲೆ ಎತ್ತಿ ಆಡುವುದು ಸಣ್ಣತನವಲ್ಲವೇ? ಅಲಿಯ ತ್ಯಾಗದ ಹಿರಿಮೆ ಪ್ರಶ್ನಾತೀತವಾದದ್ದು. ಆದರೆ ಆ ಹಿರಿಮೆಯೇ ಅವರ ಮಾತಿಗೆ ಅಸಾಮಾನ್ಯ ತೂಕ ತಂದಿತ್ತು ಎಂಬುದನ್ನು ಆಕ್ಷೇಪ ಗಮನಿಸುವುದಿಲ್ಲ. ಬೇರೆ ಯಾರೇ ಅಂದಿದ್ದರೂ ಗಾಳಿಗೆ ಹೋಗುತ್ತಿದ್ದ ಬೈಗುಳ, ಒಂದು ಜನಾಂಗದ ಆತ್ಮಸಾಕ್ಷಿಯೆನಿಸಿಕೊಂಡವರ ಬಾಯಿಂದ ಬಂದಾಗ ತೀರ್ಪಾಗಿ ಪರಿಣಮಿಸಿತು. ಆ ತೀರ್ಪಿನ ವಿರುದ್ಧ ಮೇಲ್ಮನವಿ ಸಲ್ಲಿಸಲು ಫ್ರೇಜಿಯರ್‌ಗೆ ಯಾವ ನ್ಯಾಯಾಲಯವೂ ಇರಲಿಲ್ಲ. ನ್ಯಾಯವಾದ ಹೋರಾಟದಲ್ಲಿ ತೊಡಗಿದವರು ತಮ್ಮವರಿಗೇ ಮಾಡುವ ಅನ್ಯಾಯ ಬಹುಕಾಲ ಕಣ್ಣಿಗೆ ಬೀಳದೆ ಉಳಿಯುತ್ತದೆ, ಏಕೆಂದರೆ ಅದನ್ನು ಎತ್ತಿ ತೋರಿಸುವವರು ಹೋರಾಟದ ವೈರಿಗಳಂತೆ ಕಾಣುತ್ತಾರೆ. 2001ರಲ್ಲಿ ಅಲಿ ಸ್ವತಃ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ತಮ್ಮ ಮಾತುಗಳು ತಪ್ಪೆಂದು ಹೇಳಿ ಕ್ಷಮೆ ಕೇಳಿದರು. ಅಲಿಯೇ ತಪ್ಪೆಂದು ಒಪ್ಪಿದ್ದನ್ನು ಅವರ ಅಭಿಮಾನಿಗಳು ಸಮರ್ಥಿಸಬೇಕಾದ ಅಗತ್ಯವಿಲ್ಲ.

ಕನ್ನಡ ಕಾವ್ಯಪರಂಪರೆ ಈ ವಿಷಯದಲ್ಲಿ ಹಿಡಿದ ದಾರಿ ನೆನೆಯತಕ್ಕದ್ದು. ಪಂಪನ ‘ವಿಕ್ರಮಾರ್ಜುನ ವಿಜಯ’ದ ನಾಯಕ ಅರ್ಜುನ, ಆದರೂ ಭಾರತದ ಕಥೆಯಲ್ಲಿ ನೆನೆಯಬೇಕಾದವನಿದ್ದರೆ ಅವನು ಕರ್ಣನೆಂಬ ಭಾವವನ್ನು ಕವಿ ಹಿಂಜರಿಯದೆ ಆಡುತ್ತಾನೆ, ರನ್ನನ ‘ಗದಾಯುದ್ಧ’ದ ನಾಯಕ ಭೀಮನಾದರೂ ಪ್ರತಿನಾಯಕನಾದ ದುರ್ಯೋಧನನ ಛಲಕ್ಕೂ ದುಃಖಕ್ಕೂ ಕವಿ ತನ್ನ ಶಕ್ತಿಯನ್ನೆಲ್ಲ ಧಾರೆಯೆರೆಯುತ್ತಾನೆ. ಪ್ರತಿನಾಯಕನೆಂದರೆ ಖಳನಲ್ಲ, ನಾಯಕನ ಅಳತೆಯನ್ನು ತನ್ನ ಅಳತೆಯಿಂದ ತೋರಿಸಿಕೊಡುವವನು. ಮನಿಲಾದ ಬಳಿಕ ಅಲಿ ಕೂಡ ಫ್ರೇಜಿಯರ್ ಅವರ ಶ್ರೇಷ್ಠತೆಯನ್ನು ಬಾಯಿತುಂಬ ಒಪ್ಪಿಕೊಂಡರು. ಅವರನ್ನು ಕುಗ್ಗಿಸಿದರೆ ಅಲಿಯ ಗೆಲುವೂ ಕುಗ್ಗುತ್ತದೆಂಬ ಸರಳ ಸತ್ಯವನ್ನು ಅಭಿಮಾನಿಗಳಿಗಿಂತ ಎದುರಾಳಿಯೇ ಚೆನ್ನಾಗಿ ಬಲ್ಲವರಾಗಿದ್ದರು.

ಮಾತು ಮಾಡಿದ ಹಾನಿಗಿಂತ ಸಿನಿಮಾ ಮಾಡಿದ್ದು ಇನ್ನೂ ನಯವಾದದ್ದು, ಆದ್ದರಿಂದಲೇ ಇನ್ನೂ ಆಳವಾದದ್ದು. 1976ರ ‘ರಾಕಿ’ ಚಿತ್ರದ ನಾಯಕ ಫಿಲಡೆಲ್ಫಿಯಾದ ಬಡ ಬಾಕ್ಸರ್. ಅವನು ಮಾಂಸದ ಶೀತಲಗೃಹದಲ್ಲಿ ತೂಗುಬಿಟ್ಟ ದನದ ಮಾಂಸವನ್ನು ಗುದ್ದಿ ಅಭ್ಯಾಸ ಮಾಡುತ್ತಾನೆ, ನಗರದ ಬೀದಿಗಳಲ್ಲಿ ಓಡಿ ಮ್ಯೂಸಿಯಂನ ಮೆಟ್ಟಿಲೇರುತ್ತಾನೆ, ಎಡಗೈಯನ್ನು ನೆಚ್ಚಿಕೊಂಡು ಮುನ್ನುಗ್ಗಿ ಹೊಡೆತ ತಿನ್ನುತ್ತಾನೆ. ಕಸಾಯಿಖಾನೆಯಲ್ಲಿ ಕೆಲಸ ಮಾಡುತ್ತ ಮಾಂಸವನ್ನು ಗುದ್ದುತ್ತಿದ್ದವರು ಫ್ರೇಜಿಯರ್. ಆ ಓಟವೂ ತಮ್ಮ ದಿನಚರಿಯದೇ ಎಂದು ಅವರು ಹೇಳುತ್ತಿದ್ದರು. 1975ರ ಮಾರ್ಚಿನಲ್ಲಿ ಅಲಿಯೆದುರು ಕೊನೆಯ ಸುತ್ತಿನವರೆಗೆ ನಿಂತ ಬಿಳಿಯ ಬಾಕ್ಸರ್ ಚಕ್ ವೆಪ್ನರ್ ಅವರ ಪಂದ್ಯ ಕಥೆಗೆ ಪ್ರೇರಣೆಯಾಯಿತು, ಎದುರಾಳಿ ಅಪೊಲೊ ಕ್ರೀಡ್ ಪಾತ್ರಕ್ಕೆ ಅಲಿಯ ವಾಕ್ಚಾತುರ್ಯ ದೊರೆಯಿತು. ಫ್ರೇಜಿಯರ್ ಅವರಿಗೆ ಸಿಕ್ಕಿದ್ದು ತಮ್ಮದೇ ಹೆಸರಿನಲ್ಲಿ ಅಖಾಡಕ್ಕೆ ಬಂದು ಕೈಕುಲುಕಿ ಹೋಗುವ ಅರೆಗಳಿಗೆಯ ದೃಶ್ಯ. ತನ್ನದೇ ಬದುಕನ್ನು ಮತ್ತೊಬ್ಬ ಆಡುತ್ತಿರುವ ವೇದಿಕೆಗೆ ಅತಿಥಿಯಾಗಿ ಬಂದು ಹೋದಂತೆ ಅದು. ಚಿತ್ರ ಶ್ರೇಷ್ಠ ಚಿತ್ರದ ಆಸ್ಕರ್ ಪಡೆಯಿತು.

ಇದರಲ್ಲಿ ಅಡಗಿರುವ ಸಂಗತಿ ಕಥೆಯ ಎರವಲಿಗಿಂತ ಗಂಭೀರವಾದದ್ದು. 1908ರಲ್ಲಿ ಜ್ಯಾಕ್ ಜಾನ್ಸನ್ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಆದಂದಿನಿಂದ ಅಮೆರಿಕದ ಬಿಳಿಯ ಸಮಾಜ ಕಪ್ಪು ಚಾಂಪಿಯನ್ನನನ್ನು ಮಣಿಸುವ ಬಿಳಿಯನಿಗಾಗಿ ಹಂಬಲಿಸುತ್ತ, ಅಂಥವನನ್ನು ಬಿಳಿಯರ ಭರವಸೆ ಎಂದೇ ಕರೆಯುತ್ತ ಬಂದಿತ್ತು. 1971ರಲ್ಲಿ ಆ ಪಾತ್ರವನ್ನು ವಿಚಿತ್ರವಾಗಿ ಒಬ್ಬ ಕಪ್ಪು ಮನುಷ್ಯನ ಮೇಲೆ ಹೇರಲಾಯಿತು. ಐದು ವರ್ಷಗಳ ಬಳಿಕ ಸಿನಿಮಾ ಆ ಪಾತ್ರಕ್ಕೆ ಬೇಕಿದ್ದ ಬಣ್ಣವನ್ನೇ ಕೊಟ್ಟುಬಿಟ್ಟಿತು: ಫ್ರೇಜಿಯರ್ ಅವರ ನಗರ, ಬೆವರು, ಎಡಗೈ ಎಲ್ಲ ಉಳಿದು, ಅವುಗಳ ಒಡೆಯ ಮಾತ್ರ ಬಿಳಿಯನಾದ. ಚಿತ್ರ ಮಾಡಿದವರ ಮನಸ್ಸಿನಲ್ಲಿ ದುರುದ್ದೇಶವಿತ್ತೆಂದು ಹೇಳಬೇಕಾಗಿಲ್ಲ. ಜನಪ್ರಿಯ ಕಥೆ ಪ್ರೇಕ್ಷಕರ ಬಯಕೆಯ ಇಳಿಜಾರಿನಲ್ಲಿ ಹರಿಯುತ್ತದೆ. ಆದರೆ ಪ್ರತಿಮೆಯೆಂಬುದು ಊರಿನ ಸಾರ್ವಜನಿಕ ಸಾಕ್ಷ್ಯ. ಆ ಸಾಕ್ಷ್ಯವನ್ನು ಕಲ್ಪನೆಗೆ ಮೂರು ದಶಕ ಮುಂಚೆ ಕೊಟ್ಟು, ಸತ್ಯವನ್ನು ಸತ್ತ ಮೇಲೆ ಕರೆದದ್ದಕ್ಕೆ ಸಿನಿಮಾ ಹೊಣೆಯಲ್ಲ, ಊರು ಹೊಣೆ.

ಫ್ರೇಜಿಯರ್ ಅವರನ್ನು ಸಂತರಾಗಿಸುವುದೂ ಮತ್ತೊಂದು ಬಗೆಯ ಅಳಿಸುವಿಕೆಯೇ. ಮನಿಲಾದ ಮಾತುಗಳನ್ನು ಅವರು ಮರೆಯಲಿಲ್ಲ, ಮರೆಯಲು ಬಹುಕಾಲ ಪ್ರಯತ್ನಿಸಲೂ ಇಲ್ಲ. 1984ರಲ್ಲಿ ಅಲಿಗೆ ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳಿರುವುದು ಪತ್ತೆಯಾದ ನಂತರದ ವರ್ಷಗಳಲ್ಲಿ, ಆ ಸ್ಥಿತಿಗೆ ತಮ್ಮ ಹೊಡೆತಗಳೇ ಕಾರಣವೆಂಬರ್ಥದ ಮಾತುಗಳನ್ನು ಅವರು ಹೆಮ್ಮೆಯ ಧಾಟಿಯಲ್ಲೇ ಆಡಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ನಡುಗುವ ಕೈಯಿಂದ ಅಲಿ ಜ್ಯೋತಿ ಬೆಳಗಿಸಿ ಜಗತ್ತೇ ಕಣ್ಣೀರಿಟ್ಟಾಗ, ಅಲಿಯನ್ನು ಆ ಬೆಂಕಿಗೆ ನೂಕಬಯಸುತ್ತಿದ್ದೆನೆಂದು ಹೇಳಿ ಆಘಾತ ಹುಟ್ಟಿಸಿದರು. ಆ ಮಾತು ಕ್ರೂರವಾದದ್ದು, ಅದಕ್ಕೆ ಸಮರ್ಥನೆಯಿಲ್ಲ. ಆದರೂ ಅದಕ್ಕೊಂದು ಹಿನ್ನೆಲೆಯಿದೆ: ಎಲ್ಲರೂ ಮನ್ನಿಸಿದ್ದನ್ನು, ಎಲ್ಲರೂ ಮರೆತದ್ದನ್ನು, ಗಾಯಗೊಂಡವನೊಬ್ಬನೇ ಹೊತ್ತು ತಿರುಗುವಾಗ ಅವನ ನೋವು ಹೊರಗಿನವರಿಗೆ ಹೊಟ್ಟೆಕಿಚ್ಚಿನಂತೆ ಕೇಳಿಸುತ್ತದೆ. ಪತ್ರಿಕೆಯ ಮೂಲಕ ಬಂದ ಕ್ಷಮೆಯಾಚನೆಗೆ ಫ್ರೇಜಿಯರ್ ಆಮೇಲೆ ಕೊಟ್ಟ ಪ್ರತಿಕ್ರಿಯೆ, ಕ್ಷಮೆ ಕೇಳಬೇಕಾದದ್ದು ಪತ್ರಿಕೆಯನ್ನಲ್ಲ, ತಮ್ಮನ್ನು ಎಂಬ ಅರ್ಥದ್ದಾಗಿತ್ತು. ಸರಿಯಾದ ಮಾತೇ ಅದು.

ಅವರು ನಿಜಕ್ಕೂ ಬಿಟ್ಟುಹೋದದ್ದನ್ನು ಹುಡುಕುವವರು ಪ್ರತಿಮೆಗಳಿಂದ ಕಣ್ಣು ತೆಗೆದು ನಾರ್ತ್ ಬ್ರಾಡ್ ಬೀದಿಯ 2917ನೆಯ ಸಂಖ್ಯೆಯ ಕಟ್ಟಡದತ್ತ ನೋಡಬೇಕು. ಬಡತನ, ಮಾದಕದ್ರವ್ಯ ಮತ್ತು ಬಂದೂಕುಗಳ ನಡುವಿನ ಉತ್ತರ ಫಿಲಡೆಲ್ಫಿಯಾದಲ್ಲಿ ಅವರು ದಶಕಗಳ ಕಾಲ ನಡೆಸಿದ ಜಿಮ್, ನಮ್ಮ ಊರುಗಳ ಗರಡಿಮನೆಯಂತೆ, ಬರಿಯ ಮೈ ಹುರಿಗೊಳಿಸುವ ಜಾಗವಾಗಿರದೆ ಹುಡುಗರಿಗೆ ದಿನವಿಡೀ ಹೋಗಲೊಂದು ನೆಲೆ, ಮಾತು ಕೇಳಿಸಿಕೊಳ್ಳಲೊಬ್ಬ ಹಿರಿಯ ಇರುವ ಸ್ಥಳವಾಗಿತ್ತು. ಕೆಲಕಾಲ ಅವರು ಅದರ ಮೇಲ್ಮಹಡಿಯಲ್ಲೇ ವಾಸವಿದ್ದರು. ಹೆವಿವೇಟ್ ಬಾಕ್ಸರ್ ಆದ ಮಗ ಮಾರ್ವಿಸ್, ಬಾಕ್ಸಿಂಗ್‌ಗೂ ಇಳಿದು ಮುಂದೆ ನಗರದ ನ್ಯಾಯಾಧೀಶೆಯೂ ಆದ ಮಗಳು ಜ್ಯಾಕಿ, ಇವರಷ್ಟೇ ಅಲ್ಲದೆ ಹೆಸರು ಗೊತ್ತಿಲ್ಲದ ಎಷ್ಟೋ ಮಕ್ಕಳು ಅಲ್ಲಿ ಕೈಗವಸು ತೊಟ್ಟರು. 2008ರಲ್ಲಿ ಅದು ಮುಚ್ಚಿತು. ಆ ಬಳಿಕ ಅಲ್ಲೊಂದು ಪೀಠೋಪಕರಣಗಳ ಅಂಗಡಿ ಬಂತು. ಅವರ ಸಾವಿನ ನಂತರವಷ್ಟೇ ಸಂರಕ್ಷಣಾಸಕ್ತರು ಎಚ್ಚೆತ್ತು, 2012ರಲ್ಲಿ ಅದು ಅಳಿವಿನಂಚಿನ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿ, 2013ರಲ್ಲಿ ಚಾರಿತ್ರಿಕ ಸ್ಥಳಗಳ ರಾಷ್ಟ್ರೀಯ ದಾಖಲೆಗೆ ಸೇರ್ಪಡೆಯಾಯಿತು. ಲೂಯಿವಿಲ್‌ನಲ್ಲಿ ಅಲಿಯ ಹೆಸರಿನ ಸಾಂಸ್ಕೃತಿಕ ಕೇಂದ್ರ 2005ರಲ್ಲಿ ಅವರ ಕಣ್ಣೆದುರೇ ತೆರೆಯಿತು, 2016ರ ಜೂನ್ 3ರಂದು ಅವರು ತೀರಿಕೊಂಡ ಮೇಲೆ 2019ರಲ್ಲಿ ವಿಮಾನ ನಿಲ್ದಾಣಕ್ಕೂ ಅವರ ಹೆಸರು ಬಂತು. ಅವೆಲ್ಲ ಸಲ್ಲಬೇಕಾದವೇ. ಆದರೆ ಕಟ್ಟಡವೊಂದರ ಚಾರಿತ್ರಿಕ ಮನ್ನಣೆಗೂ ಅದರೊಳಗೆ ಮಕ್ಕಳು ಮತ್ತೆ ಗುದ್ದು ಕಲಿಯುವುದಕ್ಕೂ ಬಹಳ ಅಂತರವಿದೆ. ಫ್ರೇಜಿಯರ್‌ಗೆ ಸಲ್ಲಬೇಕಾದ ನಿಜವಾದ ಸ್ಮಾರಕ ಆ ಎರಡನೆಯದಾಗಿತ್ತು.

2011ರ ನವೆಂಬರ್ 14ರಂದು ಫಿಲಡೆಲ್ಫಿಯಾದ ಚರ್ಚೊಂದರಲ್ಲಿ ನಡೆದ ಅಂತಿಮ ಪ್ರಾರ್ಥನೆಗೆ ಅಲಿ ಬಂದಿದ್ದರು; ಮಾತಾಡುವ ಶಕ್ತಿ ಉಡುಗಿದ್ದ ಅವರು ಕಷ್ಟಪಟ್ಟು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾಗರಿಕ ಹಕ್ಕುಗಳ ನಾಯಕ ಜೆಸ್ಸಿ ಜ್ಯಾಕ್ಸನ್ ತಮ್ಮ ಭಾಷಣದಲ್ಲಿ, ಚಾಂಪಿಯನ್ ಆಗಿದ್ದವರು ರಾಕಿಯಲ್ಲ, ಫ್ರೇಜಿಯರ್ ಎಂಬುದನ್ನು ಊರಿಗೆ ನೆನಪಿಸಿದರು. 2025ರಲ್ಲಿ ನಗರದ ಕಲಾ ವಿಭಾಗ ಫ್ರೇಜಿಯರ್ ಪ್ರತಿಮೆಯನ್ನು ಮ್ಯೂಸಿಯಂನ ಮೆಟ್ಟಿಲುಗಳ ಬಳಿಗೆ ತರುವ ಪ್ರಸ್ತಾವವನ್ನು ಮುಂದಿಟ್ಟದ್ದು ತಡವಾಗಿಯಾದರೂ ಸರಿಯಾದ ದಿಕ್ಕಿನ ಹೆಜ್ಜೆ. ಶಿಲ್ಪಿ ಸ್ಟೀಫನ್ ಲೇನ್ ಆ ಪ್ರತಿಮೆಗೆ ಆರಿಸಿಕೊಂಡ ಕ್ಷಣ 1971ರ ಹದಿನೈದನೆಯ ಸುತ್ತಿನದು, ಹುಕ್ ಬೀಸಿ ಮುಗಿದು ಎದುರಾಳಿ ನೆಲಕ್ಕೆ ಬಿದ್ದ ಮರುಗಳಿಗೆಯದು. ಆ ಕಂಚಿನಲ್ಲಿ ಅಲಿಯೂ ಇಲ್ಲ, ರಾಕಿಯೂ ಇಲ್ಲ. ಬ್ಯೂಫರ್ಟಿನ ಹೊಲದಲ್ಲಿ ತಂದೆಯ ಕೆಲಸಕ್ಕೆ ಒದಗಿದ, ಚಿಕಿತ್ಸೆ ಕಾಣದೆ ಬಾಗಿಯೇ ಉಳಿದ ಆ ಎಡಗೈ ಇದೆ.